ಬಂಧವೆಂಬ ಅತಿಚಾರ

ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ರೂಪಿಸಿದ ‘ಡೇಟಿಂಗ್ ಮ್ಯಾಟರ್ಸ್’ ಎಂಬ ಶಾಲಾ ಕಾರ್ಯಕ್ರಮವು 11ರಿಂದ 14 ವರ್ಷದ ಮಕ್ಕಳಿಗಾಗಿಯೇ ಇದೆ. ಹೆಸರು ಕೇಳಿದೊಡನೆ ಸಮಾಜದ ಹಿರಿಯರು ಮುಖ ತಿರುಗಿಸಿಯಾರು. ಆದರೆ ಅಲ್ಲಿ ಕಲಿಸುವುದು ಪ್ರೇಮವನ್ನಲ್ಲ. ಸಿಟ್ಟನ್ನು ತಡೆದುಕೊಳ್ಳುವುದನ್ನು, ಇನ್ನೊಬ್ಬರ ಮೇಲಿನ ಹತೋಟಿ ಪ್ರೀತಿಯಲ್ಲವೆಂದು ಗುರುತಿಸುವುದನ್ನು. ತಂದೆತಾಯಿಯರಿಗೂ ಅದರಲ್ಲಿ ಪಾಠವುಂಟು.

ಇತ್ತ 2007ರಲ್ಲಿ ಮಹಾರಾಷ್ಟ್ರ, ಕರ್ನಾಟಕ ಸರಕಾರಗಳೆರಡೂ ಹದಿಹರೆಯ ಶಿಕ್ಷಣವನ್ನು ಸಂಸ್ಕೃತಿಯ ಹೆಸರಿನಲ್ಲಿ ತಡೆಹಿಡಿದವು. ಮರುವರ್ಷವೇ ಮುಂಬಯಿಯ ಪಾಲಿಕೆ ಶಾಲೆಗಳಲ್ಲಿ ‘ಜೆಮ್ಸ್’ ಕಾರ್ಯಕ್ರಮವು 6, 7ನೆಯ ತರಗತಿಯ ಮಕ್ಕಳೊಡನೆ ಹೆಣ್ಣುಗಂಡಿನ ಸಮಾನತೆ ಹಾಗೂ ಹಿಂಸೆಯ ಕುರಿತು ಮಾತು ಆರಂಭಿಸಿತು. ಲಕ್ಷಗಟ್ಟಲೆ ಶುಲ್ಕ ತೆರುವ ಜೈನ ಕುಟುಂಬಗಳಲ್ಲಿ ಎಷ್ಟು ಮಂದಿ ಇದನ್ನು ಕೇಳಿಯಾರು? 18 ತುಂಬದವರ ಸಮ್ಮತಿಯನ್ನು ಪೋಕ್ಸೊ ಕಾಯಿದೆ ಒಪ್ಪದು. ಮನೆಯವರ ಮೌನಕ್ಕೆ ಬೆಲೆ ತೆರಬೇಕಾದವರು ಮಕ್ಕಳೇ.

ಭಾನುವಾರದ ಪಾಠಶಾಲೆಯಲ್ಲಿ ಮಕ್ಕಳು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಕಂಠಪಾಠ ಒಪ್ಪಿಸುತ್ತಾರೆ. ಅವುಗಳಲ್ಲಿ ಮೊದಲನೆಯದು ಬಂಧ. ದನಕರುಗಳನ್ನು ಬಿಗಿದು ಕಟ್ಟುವ ಉದಾಹರಣೆಗೇ (ಮುಂಬಯಿಯ ಫ್ಲಾಟಿನಲ್ಲಿ ದನವೆಲ್ಲಿ?) ಅದನ್ನು ಮುಗಿಸುವ ಬದಲು, ಗೆಳತಿಯ ಮೊಬೈಲ್ ಕಸಿದು ಸಂದೇಶಗಳನ್ನು ಓದುವ ಹುಡುಗನನ್ನು ಪಂಡಿತರು ಏಕೆ ಹೆಸರಿಸಬಾರದು? ಬರುವ ದಶಲಕ್ಷಣ ಪರ್ವದಲ್ಲಿ ಬಸದಿಯ ಸಮಿತಿಗಳು ಇದಕ್ಕೊಂದು ಗಂಟೆಯನ್ನು ಮೀಸಲಿಡಲಿ. ತಾಯಂದಿರೊಡನೆ ತಂದೆಯರೂ ಬಂದು ಕುಳಿತುಕೊಳ್ಳಲಿ.