ಗಾಲಿ ದೊಡ್ಡದಾದ್ರ ಗಾಳಿ ಕಡಿಮಿ

ಗಾಡಿ ಟೈರಿನ ವಿಷಯದಾಗ ಹೆಂಗಸೂರು ಬಾಯಿ ಹಾಕಬಾರದು ಅಂತ ನಮ್ಮ ಮನ್ಯಾಗ ಯಾರೂ ಹೇಳಿಲ್ಲ. ಆದ್ರ ಟೈರಿನ ಮಾತು ಬಂತಂದ್ರ ಗಂಡಸೂರೆಲ್ಲಾ ಎದ್ದು ಹೊರಗ ಕಟ್ಟಿ ಮ್ಯಾಲೆ ಹೋಗಿ ಕೂಡತಾರ. ಚಹಾ ಮಾತ್ರ ಅಲ್ಲಿಗೇ ಹೋಗಬೇಕು. ಇರಲಿ. ರೊಕ್ಕ ಮನೀದು, ಗಾಡ್ಯಾಗ ಕೂಡೋರೊಳಗ ನಾವೂ ಇದ್ದೇವಿ. ಹಿಂಗಾಗಿ ನನ್ನ ಅಭಿಪ್ರಾಯ ನಾ ಇಲ್ಲೇ ಬರದು ಬಿಡತೇನಿ, ಓದೋರು ಓದಲಿ.

ವಿಷಯ ಏನಪಾ ಅಂದ್ರ, ನಮ್ಮನಿಯವರು ಮತ್ತ ನಮ್ಮ ಮೈದುನ ಕೂಡಿ ಎರಡ ವರ್ಷದ ಹಿಂದ ಒಂದು ಸೆಕೆಂಡ್ ಹ್ಯಾಂಡ್ ಔಡಿ ಕ್ಯೂ7 ತೊಗೊಂಡಾರ. 2018ರ ಮಾಡೆಲ್, ಏಳು ಸೀಟು. ಈಗ ಅದರ ನಾಲ್ಕೂ ಟೈರ್ ಸವದಾವ. ಹೊಸಾವು ಹಾಕಬೇಕು, ಅದರಾಗ ಯಾರದೂ ತಕರಾರಿಲ್ಲ. ತಕರಾರು ಇರೋದು ಯಾವುದು ಹಾಕಬೇಕು ಅನ್ನೋದರಾಗ. ಈಗ ಇರೋದು 19 ಇಂಚಿನ ಗಾಲಿ. ಮೈದುನ ಮತ್ತ ನನ್ನ ಮಗಾ ಕೂಡಿ 22 ಇಂಚಿನ ಕರೀ ಬಣ್ಣದ ಅಲಾಯ್ ಫೋಟೋ ಮೊಬೈಲ್‌ನಾಗ ಇಟಗೊಂಡು ಓಡಾಡಲಿಕತ್ತಾರ. "ವೈನಿ, ಹೆಂಗಿದ್ರೂ ಟೈರ್ ತಗೀತೇವಿ, ಅದರ ಜೋಡಿ ಗಾಲಿನೂ ಬದಲಿ ಮಾಡಿಬಿಡೋಣು. ಗಾಡಿ ಲುಕ್ಕೇ ಬ್ಯಾರೆ ಆಗತದ" ಅಂತ ದಿನಾ ಒಂದ ಸಲ ರಾಗ.

ನನ್ನ ಮಾತು ಇಷ್ಟ: ರೊಕ್ಕ ಹಾಕೋದಿದ್ರ ರಬ್ಬರಿಗೆ ಹಾಕ್ರಿ, ಲೋಹಕ್ಕ ಬ್ಯಾಡ. ಕಂಪನಿಯವರು ಕೊಟ್ಟ 19 ಇಂಚೇ ಇರಲಿ. ಯಾಕಂತ ಹೇಳತೇನಿ.

ಟೈರಿನ ಬಗಲಿಗೆ ಒಂದು ನಂಬರ್ ಬರದಿರತದ. ನಮ್ಮ ಗಾಡೀದು 255/55 ಆರ್19. ಅಡಗಿ ಮನಿ ಲೆಕ್ಕದಷ್ಟ ಸರಳ ಅದ ಇದು. 255 ಅಂದ್ರ ಟೈರಿನ ಅಗಲ, ಮಿಲಿಮೀಟರ್‌ನಾಗ. 55 ಅಂದ್ರ ಆ ಅಗಲದ ನೂರಕ್ಕ 55ರಷ್ಟು ಟೈರಿನ ಗೋಡಿ ಎತ್ತರ. ಅಂದ್ರ 140 ಮಿಲಿಮೀಟರ್, ಹದಿನಾಲ್ಕು ಸೆಂಟಿಮೀಟರ್. ಆರ್ ಅಂದ್ರ ರೇಡಿಯಲ್, 19 ಅಂದ್ರ ಗಾಲಿ ಎಷ್ಟ ಇಂಚಿಂದು ಅಂತ. ಈಗ 22 ಇಂಚಿನ ಗಾಲಿಗೆ ಬರೋ ಟೈರ್ ನೋಡ್ರಿ, 285/35 ಆರ್22. ಅದರ ಗೋಡಿ ಲೆಕ್ಕಾ ಹಾಕಿದ್ರ ಬರೋದು 100 ಮಿಲಿಮೀಟರ್ ಒಳಗ. ಎರಡೂ ಟೈರ್ ನಿಲ್ಲಿಸಿ ಅಳದ್ರ ಒಟ್ಟು ಎತ್ತರ ಹೆಚ್ಚು ಕಡಿಮಿ ಒಂದ, 76 ಸೆಂಟಿಮೀಟರ್ ಆಜೂಬಾಜು. ಅಂದ್ರ ಏನಾತು? ಗಾಡಿ ಎತ್ತರ ಆಗಲಿಲ್ಲ, ದೊಡ್ಡದೂ ಆಗಲಿಲ್ಲ. ಲೋಹ ಹೆಚ್ಚಾತು, ನಡುವಿನ ಗಾಳಿ ನಾಲ್ಕು ಸೆಂಟಿಮೀಟರ್ ಕಡಿಮಿ ಆತು. ಗಾಲಿ ದೊಡ್ಡದಾದ್ರ ಗಾಳಿ ಕಡಿಮಿ, ಇಷ್ಟ ಇದರ ಸಾರ.

ಆ ಗಾಳೀದ ಕಿಮ್ಮತ್ತು ಸಣ್ಣದಲ್ಲ. 1888ರಾಗ ಬೆಲ್‌ಫಾಸ್ಟ್ ಊರಾಗ ಜಾನ್ ಬಾಯ್ಡ್ ಡನ್ಲಪ್ ಅನ್ನೋ ದನದ ಡಾಕ್ಟರು ಗಾಳಿ ತುಂಬೋ ಟೈರ್ ಮಾಡಿದ್ದು ರೇಸಿಗೂ ಅಲ್ಲ, ಛಂದ ಕಾಣಲಿ ಅಂತನೂ ಅಲ್ಲ. ಅವರ ಮಗಾ ಮೂರು ಗಾಲಿ ಸೈಕಲ್ ಹೊಡೀತಿದ್ದ, ಗಟ್ಟಿ ಗಾಲಿಗೆ ಕೂಸಿನ ಮೈ ಕುಲುಕತಿತ್ತು. ಕೂಸಿಗೆ ತ್ರಾಸ ಆಗಬಾರದು ಅಂತ ಹುಟ್ಟಿದ್ದು ಈ ಟೈರು. ಅದಕ್ಕಿಂತ ಮೊದಲ ನಮ್ಮ ಚಕ್ಕಡಿಗೆ ಕಬ್ಬಿಣದ ಪಟ್ಟಿ ಬಡದ ಗಾಲಿ ಇರತಿತ್ತು. ಅದರಾಗ ಕೂತು ಜಾತ್ರಿಗೆ ಹೋಗಿ ಬಂದ ಹಿರಿಯರನ್ನ ಕೇಳ್ರಿ, ಸೊಂಟದ ಕಥಿ ಅವರ ಹೇಳತಾರ. ಇಷ್ಟ ವರ್ಷ ಆದ ಮ್ಯಾಲೆ ಲಕ್ಷಗಟ್ಟಲೆ ಕೊಟ್ಟು ಆ ಗಾಳಿ ತಗದು ಮತ್ತ ಲೋಹಾ ತುಂಬೋದು ಯಾವ ಶಾಣ್ಯಾತನ?

ನಮ್ಮ ಗಾಡಿ ಎಲ್ಲೆ ಓಡತದ ಅನ್ನೋದೂ ನೋಡಬೇಕಲ್ಲ. ವರ್ಷಕ್ಕ ಎರಡ ಸಲ ಗೋಕರ್ಣ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಾಟ್ ಇಳದು ಅಂಕೋಲಾ. ಮಳಿಗಾಲದಾಗ ಆ ರಸ್ತಾದಾಗ ನೀರು ನಿಂತ್ರ ತಗ್ಗು ಎಲ್ಲೆ ಅದ, ಎಷ್ಟ ಆಳ ಅದ, ಯಾರಿಗೂ ಕಾಣಂಗಿಲ್ಲ. ಎದುರಿಗೆ ಲಾರಿ, ಬಗಲಿಗೆ ಕಾಡು. ಗಾಡಿ ತಗ್ಗಿನಾಗ ಬಿದ್ದಾಗ ಮೊದಲ ಪೆಟ್ಟು ತಿನ್ನೋದು ಟೈರಿನ ಗೋಡಿ. ಅದು ಎತ್ತರ ಇದ್ರ ಒಮ್ಮೆ ಒಳಗ ಬಾಗಿ ಎದ್ದು ನಿಂದರತದ. ಗಿಡ್ಡ ಇದ್ರ ಬಾಗಲಿಕ್ಕೆ ಜಾಗಾನ ಇರಂಗಿಲ್ಲ. ತಗ್ಗಿನ ಅಂಚಿಗೂ ಗಾಲಿ ಅಂಚಿಗೂ ನಡುವ ರಬ್ಬರ್ ಸಿಕ್ಕು, ಒಳಗಿನ ನೂಲು ಹರದು, ಬಗಲಿಗೆ ಬಾವು ಬಂದಂಗ ಉಬ್ಬತದ. ಹಂಗ ಉಬ್ಬಿದ ಟೈರ್ ರಿಪೇರಿ ಆಗಂಗಿಲ್ಲ, ತಗದ ಒಗೀಬೇಕು. ಮೈದುನನ ದೋಸ್ತ ಒಬ್ಬಾಂವ ತನ್ನ ಗಾಡಿಗೆ ಹಿಂಗ ದೊಡ್ಡ ಗಾಲಿ ಹಾಕಿಸಿದ್ದ. ಒಂದ ಮಳಿಗಾಲದಾಗ ಒಂದು ಟೈರ್ ಉಬ್ಬಿ, ಒಂದು ಗಾಲಿ ಸೀಳಿ, ಆ ಸೈಜಿನ ಟೈರ್ ಊರಾಗ ಸಿಗಲಾರದಕ ಗಾಡಿ ಒಂದ ವಾರ ನಿಂತಿತ್ತು. ಇದನ್ನ ಮೈದುನನ ಬಾಯಿಂದನ ನಾ ಕೇಳೇನಿ. ಕಟ್ಟಿ ಮ್ಯಾಲಿನ ಸಭಾದಾಗ ಮಾತ್ರ ಅಂವಾ ಇದನ್ನ ಹೇಳಂಗಿಲ್ಲ.

ಟೈರ್ ಸಿಗೋ ವಿಷಯನೂ ಸಣ್ಣದಲ್ಲ. 2020ರ ಜೂನ್‌ನಾಗ ಸರಕಾರ ಹೊರದೇಶದಿಂದ ಹೊಸ ಟೈರ್ ತರಿಸೋದಕ್ಕ ನಿರ್ಬಂಧ ಹಾಕಿತು, ಲೈಸೆನ್ಸ್ ಇಲ್ಲದ ತರೋಹಂಗಿಲ್ಲ. ಇಂಥಾ ದೊಡ್ಡ ಗಾಡಿಗಳ ಟೈರ್ ಭಾಳಷ್ಟು ಹೊರಗಿಂದನ ಬರತಿದ್ವು. 19 ಇಂಚಿಂದು ನಾಲ್ಕು ಕಡೆ ವಿಚಾರಿಸಿದ್ರ ಎಲ್ಲೆರೆ ಸಿಗತದ. 22 ಇಂಚಿಂದು ಬೇಕಂದ್ರ ಅಂಗಡಿಯವರು ಬೆಂಗಳೂರಿಗೋ ಮುಂಬೈಗೋ ಫೋನ್ ಮಾಡತಾರ. ಯಲ್ಲಾಪುರದ ಕಾಡಿನಾಗ ರಾತ್ರಿ ಟೈರ್ ಹರದ್ರ ಆ ಫೋನ್ ನಮಗೇನ ಉಪಯೋಗ?

ಇನ್ನ ಭಾರದ ಮಾತು. ಈ ಗಾಡಿ ಖಾಲಿ ಇದ್ದಾಗನ ಎರಡ ಟನ್ನಿಗಿಂತ ಹೆಚ್ಚ ತೂಕ. ಅದರಾಗ ಅತ್ತಿ, ಮಾವ, ನಾವೆಲ್ಲಾ ಸೇರಿ ಏಳ ಮಂದಿ, ಮ್ಯಾಲೆ ಬ್ಯಾಗು, ಬುತ್ತಿ, ನೀರಿನ ಕ್ಯಾನು. ಇಷ್ಟೆಲ್ಲಾ ಹೊತ್ತು ನೆಲಕ್ಕ ಹತ್ತಿರೋದು ಎಷ್ಟ ಜಾಗಾ? ಒಂದೊಂದು ಟೈರಿಗೆ ಎರಡೂ ಅಂಗೈ ಜೋಡಿಸಿದಷ್ಟ. ಏಳ ಮಂದಿ ಜೀವ ಆ ಅಂಗೈಗಳ ಮ್ಯಾಲೆ ಇರತದ. ಅದಕ್ಕ ಸೈಜಿನ ಮುಂದ ಇನ್ನೊಂದು ನಂಬರ್ ಇರತದ, ಅದನ್ನ ಮರೀಬಾರದು. ಅದು ಭಾರದ ನಂಬರ್. 111 ಅಂತಿದ್ರ ಆ ಒಂದು ಟೈರ್ 1090 ಕೆಜಿ ಹೊರತದ. 106 ಅಂತಿದ್ರ 950 ಕೆಜಿ. 22 ಇಂಚಿನ ಆ ಟೈರಿನಾಗ ಸಾಮಾನ್ಯ ಸಿಗೋದು 106ರದ್ದು. ಗಾಡಿ ಕೂಡಲೇ ಕುಸೀತದ ಅಂತ ನಾ ಹೇಳಂಗಿಲ್ಲ. ಆದ್ರ ಒಂದೊಂದು ಮೂಲ್ಯಾಗ 140 ಕೆಜಿ ಆಸರಾ ಕಡಿಮಿ ಆಗತದ. ಅದರ ಮುಂದಿನ ಅಕ್ಷರ ಓಟದ್ದು: ಎಚ್ ಅಂದ್ರ ತಾಸಿಗೆ 210 ಕಿಲೋಮೀಟರ್, ವಿ ಅಂದ್ರ 240, ಡಬ್ಲ್ಯೂ ಅಂದ್ರ 270. ಅಷ್ಟ ಜೋರ ನಾವೇನ ಹೋಗಂಗಿಲ್ಲ. ಆದ್ರೂ ಭಾರ, ಓಟ ಎರಡರಾಗೂ ಕಂಪನಿಯವರು ಹೇಳಿದ್ದಕ್ಕಿಂತ ಕಡಿಮೀದು ಅಗ್ಗ ಸಿಗತದ ಅಂತ ತರಬಾರದು.

ಹುಡುಗೂರ ವಾದದಾಗ ಹುರುಳ ಇಲ್ಲಂತಲ್ಲ. ದೊಡ್ಡ ಗಾಲಿ ಛಂದ ಕಾಣತದ, ನಾನೂ ಒಪ್ಪತೇನಿ. ಗಿಡ್ಡ ಗೋಡಿ ಟೈರ್ ತಿರುವಿನಾಗ ಓಲಾಡಂಗಿಲ್ಲ, ಸ್ಟೇರಿಂಗ್ ತಿರುವಿದ ಕೂಡಲೇ ಗಾಡಿ ತಿರಗತದ. "ಮಮ್ಮಿ, ಕಂಪನಿಯವರ ಹೊರದೇಶದಾಗ ಇದಕ್ಕ 22 ಇಂಚು ಕೊಡತಾರ" ಅಂತಾನ ನನ್ನ ಮಗಾ. ಖರೇ ಅದ. ಜರ್ಮನಿಯ ಆಟೋಬಾನ್‌ದಾಗ ಭಾಳ ಕಡೆ ವೇಗದ ಮಿತಿನೂ ಇಲ್ಲ. ಅಂಥಾ ಹೆದ್ದಾರಿಗೆ ಅದು ಹೊಂದತದ. ಆದ್ರ ನಾವು ಗಾಡಿ ತೊಗೊಂಡೇವಿ, ಅದರ ಜೋಡಿ ರಸ್ತಾ ಬರಲಿಲ್ಲ. ಆಮ್ಯಾಲೆ ಇವರು ನೋಡಿರೋದು ಕಂಪನಿ ಗಾಲಿ ಅಲ್ಲ, ಅದರ ನಕಲು. ಐದು ಬೋಲ್ಟು, 112 ಮಿಲಿಮೀಟರ್ ಸುತ್ತು ಅಂತ ಅಳತಿ ಕೂಡಿದ್ರ ಆತು ಅಂತ ತಿಳಕೊಂಡಾರ. ನಡುವಿನ ತೂತು ಹಬ್ಬಿಗೆ ಗಚ್ಚಿ ಕೂಡಬೇಕು, ಗಾಲಿ ಎಷ್ಟ ಒಳಗ ಎಷ್ಟ ಹೊರಗ ಕೂಡತದ ಅನ್ನೋ ಆಫ್‌ಸೆಟ್ ಸರಿ ಇರಬೇಕು, ಗಾಲಿಗೂ ಭಾರ ಹೊರೋ ಮಿತಿ ಇರತದ. ಆಫ್‌ಸೆಟ್ ತಪ್ಪಿದ್ರ ಪೂರ್ತಿ ತಿರುವಿದಾಗ ಟೈರ್ ಮಡ್‌ಗಾರ್ಡಿಗೆ ತಿಕ್ಕತದ, ಬೇರಿಂಗ್ ಲಗೂ ಹೋಗತದ. ಇದರ ಮ್ಯಾಲೆ ಕಂಪನಿ ಹೇಳಲಾರದ ಸೈಜ್ ಹಾಕಿದ್ರ ನಾಳೆ ಇನ್ಶೂರೆನ್ಸಿನವರೂ ತಕರಾರು ತಗೀಬಹುದು.

ಹಂಗಾದ್ರ ರೊಕ್ಕ ಎಲ್ಲೆ ಹಾಕಬೇಕು? ನನ್ನ ಲೆಕ್ಕ ಹಿಂಗದ.

ಮೊದಲ, ನಾಲ್ಕೂ ಟೈರ್ ಒಂದ ಸಲ, ಒಂದ ಕಂಪನೀದು, ಒಂದ ನಮೂನಿದು. ಈ ಗಾಡಿ ನಾಲ್ಕೂ ಗಾಲಿಯಿಂದ ಎಳೀತದ. ಎರಡು ಹೊಸಾವು, ಎರಡು ಸವದವು ಹಾಕಿದ್ರ ಸುತ್ತಳತಿ ಬ್ಯಾರೆ ಬ್ಯಾರೆ ಆಗಿ ನಡುವಿನ ಡಿಫರೆನ್ಷಿಯಲ್ಲಿಗೆ ಸುಮ್ಮ ಸುಮ್ಮನ ತ್ರಾಸ. ಈ ಸಲ ಎರಡ, ಮುಂದಿನ ಸಲ ಎರಡ ಅನ್ನೋ ಉಳಿತಾಯ ಇಲ್ಲೆ ನಡಿಯಂಗಿಲ್ಲ.

ಎರಡನೇದು, ಘಾಟಿನ ಹಸೀ ರಸ್ತಾದಾಗ ಹಿಡಿತ ಇರೋ ಟೈರ್. ಕಾಡುಮೇಡು ತುಳಿಯೋ ದಪ್ಪ ಗುಬ್ಬಿ ಟೈರ್ ನಮಗ ಬ್ಯಾಡ, ನಮ್ಮ ಗಾಡಿ ಹೊಲಕ್ಕ ಹೋಗಂಗಿಲ್ಲ. ನೀರು ಹೊರಗ ದಬ್ಬೋ ಆಳ ಗೀರು ಬೇಕು. ಆ ಗೀರಿನೊಳಗ 1.6 ಮಿಲಿಮೀಟರ್ ಎತ್ತರದ ಸಣ್ಣ ಕಟ್ಟಿ ಇರತದ. ರಬ್ಬರ್ ಆ ಕಟ್ಟಿ ಸಮಕ್ಕ ಬಂತಂದ್ರ ಟೈರಿನ ಆಯುಷ್ಯ ಮುಗೀತು. ನಮ್ಮನಿಯವರು "ಇನ್ನೊಂದ ತಿಂಗಳ ಓಡತದ" ಅಂತಾರ. ಓಡತದ, ಆದ್ರ ಮಳಿಯಾಗ ನಿಲ್ಲಂಗಿಲ್ಲ. ಗಾಡಿ ಓಡೋದಕ್ಕಿಂತ ನಿಲ್ಲೋದು ಮುಖ್ಯ.

ಮೂರನೇದು, ಹುಟ್ಟಿದ ತಾರೀಖು. ಹಾಲಿನ ಪ್ಯಾಕೀಟಿಗೆ ತಾರೀಖು ನೋಡೋ ಮನಿ ನಮ್ಮದು, ಟೈರಿಗೆ ಯಾಕ ನೋಡಬಾರದು? ಬಗಲಿಗೆ ಡಾಟ್ ಅಂತ ಬರದ ಸಾಲಿನ ಕಡೀ ನಾಲ್ಕು ಅಂಕಿ ನೋಡ್ರಿ. 2319 ಅಂತಿದ್ರ 2019ರ 23ನೇ ವಾರ. ಅಂಗಡ್ಯಾಗ ಕೂತು ಕೂತು ಮುದುಕಾದ ಟೈರಿಗೆ ಹೊಸದರ ರೇಟ್ ಕೊಡಬಾರದು. ಐಎಸ್‌ಐ ಗುರ್ತು ಅದನೋ ಇಲ್ಲೋ ಅದನ್ನೂ ನೋಡ್ರಿ.

ನಾಲ್ಕನೇದು, ಹಾಕಿಸಿದ ದಿನಾನ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್. ಆಮ್ಯಾಲೆ ಹದಿನೈದ ದಿನಕ್ಕೊಮ್ಮೆ ಮುಂಜಾನೆ, ಗಾಡಿ ತಣ್ಣಗಿದ್ದಾಗ ಗಾಳಿ ನೋಡಿಸೋದು. ಎಷ್ಟ ಗಾಳಿ ಅಂತ ಯಾರನ್ನೂ ಕೇಳೋ ಗರಜಿಲ್ಲ. ಡ್ರೈವರ್ ಬಾಗಲಾ ತಗದ್ರ ಕಂಬದ ಮ್ಯಾಲೆ, ಇಲ್ಲಾ ಡೀಸೆಲ್ ಹಾಕೋ ಮುಚ್ಚಳದೊಳಗ ಚೀಟಿ ಅಂಟಿಸಿರತಾರ. ಇಬ್ಬರು ಕೂತಾಗ ಇಷ್ಟ, ತುಂಬಿದ ಗಾಡಿಗೆ ಅಷ್ಟ ಅಂತ ಬ್ಯಾರೆ ಬ್ಯಾರೆ ಇರತದ. ನೈಟ್ರೋಜನ್ ಹಾಕಸ್ರಿ ಅಂತ ಅಂಗಡಿಯವರು ಜೀವಾ ತಿಂತಾರ. ಬರೇ ಗಾಳಿಯೊಳಗನ ನೂರಕ್ಕ 78ರಷ್ಟು ನೈಟ್ರೋಜನ್ ಅದ, ಅದೂ ಫುಕ್ಕಟ್.

ಇದೆಲ್ಲಾ ಕೂಡಿ ಲಕ್ಷದ ಆಜೂಬಾಜು ಮುಗೀತದ. ಅವರು ಹೇಳೋ ಗಾಲಿ ಟೈರ್ ಎರಡೂ ಕೂಡಿದ್ರ ಅದರ ಮೂರ ಪಟ್ಟು ಮ್ಯಾಲೆ. ಉಳಿದ ರೊಕ್ಕದಾಗ ಮುಂದಿನ ಸಲದ ಟೈರೂ ಬರತಾವ, ಈ ವರ್ಷದ ಇನ್ಶೂರೆನ್ಸೂ ಕಟ್ಟತದ.

ರೊಕ್ಕದ ಮಾತು ಬಿಟ್ರೂ ಒಂದು ಮಾತು ಉಳೀತದ. ಗಾಡಿ ಗಾಲಿ ಯಾರ ಸಲುವಾಗಿ? 22 ಇಂಚು ನೋಡಿ ಖುಷಿ ಪಡೋರು ರಸ್ತಾದಾಗ ನಿಂತೋರು, ಒಂದ ಕ್ಷಣ ನೋಡಿ ತಮ್ಮ ದಾರಿ ಹಿಡದು ಹೋಗತಾರ. ಒಳಗ ಕೂತೋರಿಗೆ ಗಾಲಿ ಕಾಣಂಗೇ ಇಲ್ಲ, ಬರೇ ತಿಳೀತದ. ನಮ್ಮ ಅತ್ತಿಗೆ ಸೊಂಟದ ತ್ರಾಸ ಅದ, ಡಾಕ್ಟರು ಕುಲುಕಾಟ ಬ್ಯಾಡ ಅಂದಾರ. ಈ ದೊಡ್ಡ ಗಾಡಿ ತೊಗೊಂಡಿದ್ದ ಮುಖ್ಯ ಅವರು ಆರಾಮಾಗಿ ಗೋಕರ್ಣಕ್ಕ ಹೋಗಿ ಬರಲಿ ಅಂತ. ಅವರ ಸೊಂಟಕ್ಕೂ ತಗ್ಗಿಗೂ ನಡುವ ಇರೋದು ಆ ಹದಿನಾಲ್ಕು ಸೆಂಟಿಮೀಟರ್ ಗಾಳಿ. ಅದರೊಳಗಿನ ನಾಲ್ಕು ಸೆಂಟಿಮೀಟರ್ ಕಿತಗೊಂಡು ರಸ್ತಾದ ಮಂದಿಗೆ ಹಂಚಲಿಕ್ಕೆ ನನ್ನ ಒಪ್ಪಿಗಿ ಇಲ್ಲ. ಮಂದಿ ತಿರುಗಿ ನೋಡಲೇಬೇಕು ಅನ್ನೋ ಹಟ ಇದ್ರ, ಮೈದುನಾ, ರವಿವಾರಕ್ಕೊಮ್ಮೆ ಗಾಡಿ ಛಂದಂಗ ತೊಳೀರಿ. ಬಕೀಟು ನಾ ಕೊಡತೇನಿ.