ಮಾವನವರ ಪುಟ್ಟ ಲ್ಯಾಪ್‌ಟಾಪು

ಹೋದ ಸಲ ಹಲಸಿನ ಹಪ್ಪಳದ ಬಗ್ಗೆ ಬರೆದಿದ್ದೆನಲ್ಲ, ಅದನ್ನು ಓದಿದ ಒಬ್ಬರು ಹಪ್ಪಳದ ಸುದ್ದಿ ಬಿಟ್ಟು ಬೇರೆಯದನ್ನೇ ಕೇಳಿದ್ದಾರೆ: "ಕಡಬದಲ್ಲಿ ಕೂತು ಇಷ್ಟುದ್ದ ಬರೀತೀರಲ್ಲ ಮೇಡಂ, ಮೊಬೈಲಲ್ಲೋ ಕಂಪ್ಯೂಟರಲ್ಲೋ?" ಕಂಪ್ಯೂಟರಲ್ಲೇ. ಆದರೆ ಅದನ್ನು ಕಂಪ್ಯೂಟರ್ ಅಂತ ಕರೆದರೆ ನಮ್ಮ ಮನೇಲಿ ಎಲ್ಲರೂ ನಗ್ತಾರೆ. ಉದ್ದ ಹತ್ತಿಂಚು, ತೂಕ ಒಂದು ತೆಂಗಿನಕಾಯಿಯಷ್ಟು. ಎಡಗಡೆ ಕೀಲು ಮುರಿದಿರೋದರಿಂದ ಪರದೆಯ ಬೆನ್ನಿಗೆ ಉಪ್ಪಿನಕಾಯಿ ಜಾಡಿ ಆನಿಸಬೇಕು.

ಇದು ಮಾವನವರದು. ಅವರು ಮೇಷ್ಟ್ರಾಗಿದ್ದವರು. 2011ರಲ್ಲಿ ನಿವೃತ್ತಿಯಾದಾಗ ಬಂದ ದುಡ್ಡಲ್ಲಿ ತಮಗೆ ಅಂತ ತಗೊಂಡಿದ್ದು ಇದೊಂದೇ. ಆಗ ಇಂಥವನ್ನು ನೆಟ್‌ಬುಕ್ ಅನ್ನುತ್ತಿದ್ದರು. ಒಳಗೆ ಇಂಟೆಲ್ ಆಟಂ ಅನ್ನೋ ಬಡಪಾಯಿ ಪ್ರೊಸೆಸರ್, ಒಂದು ಜಿಬಿ ರ್‍ಯಾಮ್. ಕೆರೆ ಕೋಡಿ ಬಿದ್ದ ವರ್ಷ ತೆಗೆದ ಒಂದು ಫೋಟೋವನ್ನು ಪರದೆಗೆ ಹಾಕ್ಕೋಬೇಕು ಅಂತ ಮಾವನವರಿಗೆ ಬಲು ಆಸೆ. ನಮ್ಮ ಕೆರೆ ಗೊತ್ತಲ್ಲ, ಶಿಂಷಾ ಹೊಳೆಗೆ ಅಡ್ಡ ಕಟ್ಟಿದ್ದು. ಲಂಕೆಯಿಂದ ವಾಪಸ್ ಬರುವಾಗ ರಾಮನೇ ಕಟ್ಟಿಸಿದ ಅನ್ನೋದು ಊರಿನ ನಂಬಿಕೆ. ಆದರೆ ಲ್ಯಾಪ್‌ಟಾಪಿನ ಜೊತೆ ಬಂದಿದ್ದು ಅಗ್ಗದ ಆವೃತ್ತಿ, ಅದರಲ್ಲಿ ಹಿನ್ನೆಲೆ ಚಿತ್ರ ಬದಲಾಯಿಸೋಕೆ ಅವಕಾಶವೇ ಇರಲಿಲ್ಲ! "ದುಡ್ಡು ಕೊಟ್ಟಿರೋನು ನಾನು, ಗೋಡೆಗೆ ಸುಣ್ಣ ಬಳಿಯೋಕೆ ಇವನ ಅಪ್ಪಣೆ ಬೇಕಂತೆ" ಅಂತ ಗೊಣಗುತ್ತಿದ್ದರು. ಗೊಣಗುತ್ತಲೇ ಎಂಟು ವರ್ಷ ದಿನಾ ಬೆಳಗ್ಗೆ ಅದರ ಮುಂದೆ ಕೂತು ಏನೋ ಕುಟ್ಟುತ್ತಿದ್ದರು. ಏನು ಅಂತ ನಾವು ಯಾರೂ ಕೇಳಲಿಲ್ಲ. 2019ರಲ್ಲಿ ಅವರು ಹೋದ ಮೇಲೆ ಅದು ಬೀರುವಿನಲ್ಲಿ ಸೀರೆಗಳ ಕೆಳಗೆ ಸೇರಿತು.

ನಾಲ್ಕು ವರ್ಷ ಆದ ಮೇಲೆ ಒಂದಿನ ಅತ್ತೆ ಅಂದರು: "ಅವ್ರು ಏನ್ ಬರೀತಿದ್ರೋ ನೋಡ್ಬೇಕು ಕಣವ್ವ. ನಂಗೂ ಕಣ್ಣು ಮಂಜಾಗ್ತಾ ಬಂತು."

ಪೇಟೆಗೆ ಹೋದಾಗ ಒಂದು ಅಂಗಡಿಗೆ ತೋರಿಸಿದೆ. ಆನ್ ಆಗೋಕೆ ಹತ್ತು ನಿಮಿಷ, ಒಳಗೆ ಕಟಕಟ ಸದ್ದು. ಮಾವನವರ ಕಡತ ತೆರೆದರೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. "ವೈರಸ್ ತಿಂದ್ಹಾಕಿದೆ ಅಕ್ಕಾ, ಎಸೆದುಬಿಡಿ" ಅಂದ ಆ ಹುಡುಗ. ಎಸೆಯೋಕೆ ಮನಸ್ಸು ಬರಲಿಲ್ಲ. ಬೆಂಗಳೂರಲ್ಲಿರೋ ತಂಗಿ ಮಗನಿಗೆ ಫೋನ್ ಮಾಡಿದೆ. ಅವನು ಹೇಳಿದ ಮೊದಲ ಮಾತು: "ದೊಡ್ಡಮ್ಮ, ಇನ್ನೊಂದು ಸಲ ಆನ್ ಮಾಡ್ಬೇಡಿ. ಆ ಸದ್ದು ಹಾರ್ಡ್‌ಡಿಸ್ಕ್ ಸಾಯ್ತಿರೋ ಸದ್ದು." ಮುಂದಿನ ಭಾನುವಾರ ಬಂದು ಡಿಸ್ಕ್ ಬಿಚ್ಚಿ, ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ನಲವತ್ತೊಂದು ಕಡತಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಟ್ಟ. ಆಮೇಲೆ ಹಳೇ ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ ಹಾಕಿದ. ರ್‍ಯಾಮ್ ಒಂದು ಜಿಬಿ ತೆಗೆದು ಸೆಕೆಂಡ್ ಹ್ಯಾಂಡಿನ ಎರಡು ಜಿಬಿ ಕೂರಿಸಿದ. ಆ ಪ್ರೊಸೆಸರಿಗೆ ಅದೇ ಗರಿಷ್ಠ, ಮೂರನೇದು ಜೀರ್ಣ ಆಗಲ್ಲವಂತೆ. ಎಲ್ಲಾ ಸೇರಿ ಎರಡು ಸಾವಿರದ ಆಸುಪಾಸು ಖರ್ಚು. ಲಿನಕ್ಸ್‌ಗೆ ಮಾತ್ರ ಒಂದು ಪೈಸೆ ಇಲ್ಲ. ಹಾಕಿದ್ದು ಡೆಬಿಯನ್ 12, ಅದು ಬಿಡುಗಡೆಯಾಗಿದ್ದು ಅದೇ 2023ರ ಜೂನ್‌ನಲ್ಲಿ. ಮೊದಲೆಲ್ಲಾ ಡೆಬಿಯನ್ ಹಾಕಿದರೆ ವೈಫೈ ಬರೋಕೆ ಬೇಕಾದ ಫರ್ಮ್‌ವೇರ್ ಬೇರೆ ಹುಡುಕಬೇಕಿತ್ತು. 12ರಿಂದ ಅದನ್ನೂ ಜೊತೆಗೇ ಕೊಡ್ತಾರೆ.

ಮರೆಯೋಕೆ ಮುಂಚೆ ಒಂದು ಮಾತು. ನಿಮ್ಮ ಮನೇಲೂ ಇಂಥ ಹಳೇದಿದ್ದರೆ ಮೊದಲು ಅದರ ಪ್ರೊಸೆಸರ್ 32 ಬಿಟ್ಟಾ, 64 ಬಿಟ್ಟಾ ನೋಡಿ. ಟರ್ಮಿನಲ್‌ನಲ್ಲಿ ಎಲ್‌ಎಸ್‌ಸಿಪಿಯು ಅಂತ ಹೊಡೆದರೆ ಅದೇ ಹೇಳುತ್ತೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ಕ್ಕೆ 32 ಬಿಟ್ ಯಂತ್ರಗಳಲ್ಲಿ ಹಾಕೋ ಇನ್‌ಸ್ಟಾಲರ್ ಇಲ್ಲ. ಅಂಥವಕ್ಕೆ 12ನೇದೇ ಕೊನೆ.

ತಂಗಿ ಮಗ ವಾಪಸ್ ಹೋದ ಮೇಲೆ ಶುರುವಾಯ್ತು ನನ್ನ ಗೃಹಾಲಂಕಾರ. ಪರದೆಯ ಎತ್ತರ ಬರೀ 600 ಚುಕ್ಕಿ. ಯಾವುದಾದರೂ ಸೆಟ್ಟಿಂಗ್ ತೆರೆದರೆ 'ಸರಿ' ಅನ್ನೋ ಗುಂಡಿ ಪರದೆಯ ಕೆಳಗೆ ಎಲ್ಲೋ ಪಾತಾಳದಲ್ಲಿ! ಎರಡು ದಿನ ಒದ್ದಾಡಿದೆ. ಆಮೇಲೆ ಗೊತ್ತಾಯ್ತು, ಆಲ್ಟ್ ಕೀ ಒತ್ತಿ ಹಿಡಿದು ಮೌಸಿನಿಂದ ಕಿಟಕಿಯನ್ನು ಎಲ್ಲಿ ಬೇಕಾದರೂ ಹಿಡಿದು ಮೇಲಕ್ಕೆ ಎಳೆಯಬಹುದು, ನೆತ್ತಿ ಪರದೆಯಾಚೆ ಹೋದರೂ ಪರವಾಗಿಲ್ಲ. ಇದನ್ನು ಯಾರೂ ಮೊದಲೇ ಹೇಳಲ್ಲ ನೋಡಿ. ನನ್ನದು ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಡೆಸ್ಕ್‌ಟಾಪ್. ಅದರ ಪಟ್ಟಿಯನ್ನು ಮೇಲಿಂದ ತೆಗೆದು ಎಡಗೋಡೆಗೆ ನಿಲ್ಲಿಸಿದೆ. ಅಗಲಕ್ಕೆ ಬರವಿಲ್ಲ, ಬರ ಇರೋದು ಎತ್ತರಕ್ಕೆ. ಕಿಟಕಿಗಳಿಗೆ ನೆರಳು ಬೀಳಿಸೋ ಕಂಪೋಸಿಟರ್ ಅನ್ನೋದನ್ನು ಆರಿಸಿದೆ, ಯಂತ್ರ ಸ್ವಲ್ಪ ಉಸಿರಾಡಿತು. ಝಡ್‌ರ್‍ಯಾಮ್ ಅಂತ ಒಂದಿದೆ, ರ್‍ಯಾಮ್‌ನಲ್ಲಿರೋದನ್ನೇ ಒತ್ತಿ ಮಡಚಿ ಇಡೋದು, ಸೂಟ್‌ಕೇಸಿನಲ್ಲಿ ರೇಷ್ಮೆ ಸೀರೆ ಇಟ್ಟ ಹಾಗೆ. ಅದನ್ನೂ ಹಾಕಿದೆ. ಆದರೂ ಬ್ರೌಸರಿನಲ್ಲಿ ನಾಲ್ಕನೇ ಟ್ಯಾಬ್ ತೆರೆದರೆ ಕಾಫಿ ಕುಡಿದು ಬರಬಹುದು, ಸುಳ್ಳು ಯಾಕೆ ಹೇಳಲಿ. ಕೊನೆಗೆ ಹಿನ್ನೆಲೆಗೆ ಮಾವನವರ ಕೋಡಿ ಬಿದ್ದ ಕೆರೆ. ಬಲಗಡೆ ಗುಂಡಿ ಒತ್ತಿ ಮೂರು ಕ್ಲಿಕ್, ಅಷ್ಟೇ.

ಕನ್ನಡ ಅಕ್ಷರಗಳ ಕಥೆ ಇನ್ನೂ ಚೆಂದ. ಡೆಬಿಯನ್‌ನ ಕನ್ನಡ ಫಾಂಟುಗಳ ಗಂಟಿನಲ್ಲಿ 'ನವಿಲು' ಅಂತ ಒಂದು, ಕೈಬರಹದ ಹಾಗಿರೋದು; 'ಗುಬ್ಬಿ' ಅಂತ ಇನ್ನೊಂದು. ಎರಡೂ ಮುಕ್ತ ಫಾಂಟುಗಳು, ಅರವಿಂದ ವಿ.ಕೆ. ಅವರ ಕೆಲಸ. ಹಕ್ಕಿ ಗುಬ್ಬಿಯೇ ಇರಬೇಕು, ಆದರೆ ಗುಬ್ಬಿ ತಾಲ್ಲೂಕಿನವಳು ನಾನು, ಬೇರೆ ಫಾಂಟ್ ಹಾಕ್ತೀನಾ? ಕೀಲಿಮಣೆಗೆ ಕೆ.ಪಿ. ರಾವ್ ಅವರ ವಿನ್ಯಾಸವೇ ಸಿಕ್ಕಿತು, ಪಟ್ಟಿಯಲ್ಲಿ ಕಗಪ ಅಂತ ಹೆಸರಿರುತ್ತೆ. ನುಡಿಯಲ್ಲಿ ಟೈಪ್ ಮಾಡಿದ ಬೆರಳಿಗೆ ಹೊಸದಾಗಿ ಕಲಿಯೋದು ಏನೂ ಇಲ್ಲ. ಮೆನುಗಳನ್ನೂ ಕನ್ನಡಕ್ಕೆ ಹಾಕಿದ್ದೆ. 'ಕಡತ' ಅಂತ ಓದಿದಾಗ ಅತ್ತೆ ನಕ್ಕರು. ಅವರ ತವರಲ್ಲಿ ಕಡತ ಅಂದರೆ ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಚಿ ಮಾಡಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆಯೋದು, ಬೇಡವಾದರೆ ಒರೆಸೋದು. ಅವರ ತಾತ ಸಾಲದ ಲೆಕ್ಕ ಬರೀತಿದ್ದರಂತೆ. ಆ ಪದವನ್ನು ಹುಡುಕಿ ಕಂಪ್ಯೂಟರಿಗೆ ತಂದವರಿಗೆ ನಮಸ್ಕಾರ.

ಇನ್ನು 'ವೈರಸ್ ತಿಂದ' ಕಡತಗಳು. ವೈರಸ್ಸೂ ಇಲ್ಲ, ಎಂಥದೂ ಇಲ್ಲ. ಮಾವನವರು ಬರೆದಿದ್ದು ಹಳೇ ನುಡಿ ಫಾಂಟಿನಲ್ಲಿ. ಆ ಕಾಲದ ವ್ಯವಸ್ಥೆಯಲ್ಲಿ ಕಂಪ್ಯೂಟರು ಒಳಗೆ ಇಟ್ಟುಕೊಳ್ಳುತ್ತಿದ್ದುದು ಇಂಗ್ಲಿಷಿನ ಸಂಕೇತಗಳನ್ನೇ. ಮೇಲೆ ನುಡಿ ಫಾಂಟ್ ಹೊದಿಸಿದರೆ ಕನ್ನಡ ಕಾಣುತ್ತಿತ್ತು. ಹೊದಿಕೆ ತೆಗೆದರೆ 'ನ'ಕಾರ ಇದ್ದಲ್ಲೆಲ್ಲಾ ಬ್ರಿಟನ್ನಿನ ಪೌಂಡ್ ಗುರುತು. 'ಕಡಬ' ಅಂತ ಬರೆದಿದ್ದರೆ ಕಾಣೋದು ಹೇಗೆ ಗೊತ್ತಾ? ಮೊದಲು ಪಿ, ಆಮೇಲೆ ತಲೆ ಮೇಲೆ ಓರೆ ಗೀಟು ಹೊತ್ತ ಎ, ಆಮೇಲೆ ಕ್ಯೂ, ಮತ್ತೆ ಅದೇ ಎ, ಕೊನೆಗೆ ಕಾನೂನು ಪುಸ್ತಕದಲ್ಲಿ ಸೆಕ್ಷನ್ ನಂಬರಿಗೆ ಮುಂಚೆ ಹಾಕ್ತಾರಲ್ಲ, ಆ ಗುರುತು. ನಮ್ಮೂರಿನ ಹೆಸರಲ್ಲಿ ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ತಾಮ್ರಪಟಗಳಿವೆ, ಒಂಬತ್ತನೇ ಶತಮಾನದವು. ಅವನ್ನು ಓದುವವರು ಈಗಲೂ ಇದ್ದಾರೆ. ಹತ್ತು ವರ್ಷದ ಹಿಂದೆ ಮಾವನವರು ಬರೆದಿದ್ದನ್ನು ಓದೋಕೆ ನಾನು ಇಷ್ಟೆಲ್ಲಾ ಮಾಡಬೇಕಾಯ್ತು.

ಈ ಹಳೇ ಸಂಕೇತಗಳನ್ನು ಯೂನಿಕೋಡ್‌ಗೆ ಬದಲಾಯಿಸೋ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಒಂದು ಪುಟ ನಕಲು ಮಾಡಿ ಅದರಲ್ಲಿ ಹಾಕಿ ಗುಂಡಿ ಒತ್ತಿದೆ. "ನಮ್ಮ ತಾಯಿ ಹೊಲಕ್ಕೆ ಬುತ್ತಿ ತರುತ್ತಿದ್ದ ದಾರಿ" ಅಂತ ಶುರುವಾಯ್ತು. ಒಲೆ ಮೇಲಿಟ್ಟ ಹಾಲು ಉಕ್ಕಿಹೋಯ್ತು ಆವತ್ತು.

ಪರಿವರ್ತನೆ ಆದ ಮೇಲೂ ಕೆಲಸ ಇತ್ತು. ಅಲ್ಲಲ್ಲಿ ಒತ್ತಕ್ಷರ ತಪ್ಪಿರುತ್ತಿತ್ತು, ಅವರು ಮಧ್ಯೆ ಬೇರೆ ಫಾಂಟಲ್ಲಿ ಬರೆದ ಸಾಲುಗಳು ಕಲಸಿಹೋಗಿದ್ದವು. ಮಧ್ಯಾಹ್ನದ ಹೊತ್ತು ಕೂತು, ಅತ್ತೆಗೆ ಓದಿ ಹೇಳುತ್ತಾ ಒಂದೊಂದೇ ತಿದ್ದಿದೆ. ಅಡಿಕೆ ಸುಲಿಯೋ ಕಾಲದಲ್ಲಿ ಎರಡೆರಡು ತಿಂಗಳು ಮುಟ್ಟುತ್ತಲೇ ಇರಲಿಲ್ಲ. ಹೀಗೆ ಎರಡು ವರ್ಷದಲ್ಲಿ ಇಪ್ಪತ್ತೊಂಬತ್ತು ಮುಗಿದವು.

ಈಗ ನನ್ನ ದಡ್ಡತನ ಕೇಳಿ. ಕಳೆದ ದೀಪಾವಳಿ ಆದ ಮೇಲೆ ಡೆಬಿಯನ್ 13ಕ್ಕೆ ಏರಿಸೋಣ ಅಂತ ಹೊರಟೆ. ತಂಗಿ ಮಗ ಫೋನಲ್ಲಿ ಕ್ರಮ ಹೇಳಿದ್ದ: ಮೊದಲು ಬೇಕಾದ್ದನ್ನೆಲ್ಲಾ ನಕಲು ತಗೊಳ್ಳಿ, ಈಗಿರೋ 12ನ್ನು ಪೂರ್ತಿ ಅಪ್‌ಡೇಟ್ ಮಾಡಿ, ಆಮೇಲೆ ಆಕರಗಳ ಪಟ್ಟಿಯಲ್ಲಿ ಬುಕ್‌ವರ್ಮ್ ಅಂತಿರೋ ಕಡೆಯೆಲ್ಲಾ ಟ್ರಿಕ್ಸಿ ಅಂತ ತಿದ್ದಿ. ಇವೆರಡೂ 'ಟಾಯ್ ಸ್ಟೋರಿ' ಸಿನಿಮಾದ ಗೊಂಬೆಗಳ ಹೆಸರು, ಡೆಬಿಯನ್‌ನವರು ಎಲ್ಲಾ ಆವೃತ್ತಿಗೂ ಅಲ್ಲಿಂದಲೇ ಹೆಸರಿಡೋದು. ಮೊದಲ ಸಾಲನ್ನು ನಾನು 'ಆಮೇಲೆ ಮಾಡಿದರಾಯ್ತು' ಅಂತ ಬಿಟ್ಟೆ. ಪೆನ್‌ಡ್ರೈವಿನಲ್ಲಿ ಮಾವನವರ ಮೂಲ ಇತ್ತು, ನನ್ನ ಎರಡು ವರ್ಷದ ತಿದ್ದುಪಡಿ ಇರಲಿಲ್ಲ.

ಸಂಜೆ ಆರಕ್ಕೆ ಶುರು ಮಾಡಿದೆ. ಎಂಟೂವರೆಗೆ ಇನ್ನೂ ಪ್ಯಾಕೇಜುಗಳನ್ನು ಬಿಚ್ಚುತ್ತಾ ಕೂತಿತ್ತು, ಮಳೆ ಗುಡುಗು ಬಂತು, ಕರೆಂಟು ಹೋಯ್ತು. ಬ್ಯಾಟರಿ ಸತ್ತು ಎಷ್ಟು ವರ್ಷವಾಯ್ತೋ. ಪರದೆ ಫಟ್ ಅಂತ ಆರಿತು.

ಅತ್ತೆ ಒಳಗಿಂದ ಕೇಳಿದರು, "ಅವ್ರ ಬರಹ ಐತೇನವ್ವ?" ನಾನು "ಐತೆ ಅತ್ತೆ" ಅಂದೆ. ಐತೋ ಇಲ್ಲವೋ ನನಗೇನು ಗೊತ್ತು. ರಾತ್ರಿ ಒಂದು ಗಂಟೆಗೆ ಕರೆಂಟು ಬಂದಾಗ ನಮ್ಮೆಜಮಾನರು ಟಾರ್ಚ್ ಹಿಡಿದು ತೋಟದ ಮೋಟರು ನೋಡೋಕೆ ಹೋದರು, ನಾನು ಇದರ ಮುಂದೆ ಕೂತೆ. ಕೆರೆ ಇಲ್ಲ, ಪಟ್ಟಿ ಇಲ್ಲ. ಕಪ್ಪು ಪರದೆ, ಹೆಸರು ಕೇಳೋ ಒಂದು ಸಾಲು, ಅಷ್ಟೇ. ಹೆಸರು, ಗುಪ್ತಪದ ಹೊಡೆದೆ, ಒಳಗೆ ಬಿಟ್ಟಿತು. ಕೈ ನಡುಗುತ್ತಿತ್ತು.

ಬೆಳಗ್ಗೆ ತಂಗಿ ಮಗ ಬೈದು, ಆಮೇಲೆ ಹೇಳಿಕೊಟ್ಟ. ಅಪ್‌ಗ್ರೇಡ್ ಮುಟ್ಟೋದು ವ್ಯವಸ್ಥೆಯ ಪ್ಯಾಕೇಜುಗಳನ್ನು. ನಾವು ಬರೆದಿಟ್ಟಿದ್ದು ಹೋಮ್ ಅನ್ನೋ ಬೇರೆ ಜಾಗದಲ್ಲಿರುತ್ತೆ, ಅದಕ್ಕೆ ಕೈ ಹಾಕಲ್ಲ. ಅರ್ಧಕ್ಕೆ ನಿಂತ ಕೆಲಸವನ್ನು ನಿಂತಲ್ಲಿಂದ ಮುಗಿಸೋಕೆ ಆಜ್ಞೆ ಇದೆ: ಡಿಪಿಕೆಜಿ ಅಂತ ಬರೆದು, ಮುಂದೆ ಎರಡು ಅಡ್ಡಗೀಟು ಹಾಕಿ ಕಾನ್ಫಿಗರ್, ಆಮೇಲೆ ಒಂದು ಅಡ್ಡಗೀಟು ಹಾಕಿ ಎ. ಅದು ಮುಗಿದ ಮೇಲೆ ಮುರಿದ ಪ್ಯಾಕೇಜುಗಳನ್ನು ಸರಿಮಾಡೋದು, ಕೊನೆಗೆ ಪೂರ್ತಿ ಅಪ್‌ಗ್ರೇಡನ್ನು ಮತ್ತೆ ಓಡಿಸೋದು. ಆದರೆ ನಾನು ಅವ್ಯಾವನ್ನೂ ಮಾಡೋ ಮುಂಚೆ, ಆ ಕಪ್ಪು ಪರದೆಯಲ್ಲೇ ಅವನು ಹೇಳಿದ ಹಾಗೆ ಹೊಡೆದು, ಇಪ್ಪತ್ತೊಂಬತ್ತನ್ನೂ ಪೆನ್‌ಡ್ರೈವಿಗೆ ನಕಲು ತಗೊಂಡೆ. ಮಧ್ಯಾಹ್ನ ಮೂರಕ್ಕೆ ಕೆರೆ ಮತ್ತೆ ಕಾಣಿಸಿತು. ಎಕ್ಸ್‌ಎಫ್‌ಸಿಇ 4.20 ಆಗಿದೆ ಅಂತ ತೋರಿಸ್ತು; ನನ್ನ ಕಣ್ಣಿಗೆ ದೊಡ್ಡ ವ್ಯತ್ಯಾಸವೇನೂ ಇಲ್ಲ, ಎಡಗಡೆ ಪಟ್ಟಿ ಕೂಡ ಇದ್ದಲ್ಲೇ ಇತ್ತು.

ಆವತ್ತು ಸಂಜೆ ಮೂವತ್ತನೇದನ್ನು ಓದಿದೆ. ಬೋರ್‌ವೆಲ್ ಕೊರೆಸಿದ ಕಥೆ. ನೀರು ಬರಲಿಲ್ಲ. ಅದಕ್ಕಾಗಿ ಹೆಂಡತಿಯ ಸರ ಮಾರಿದ್ದು, ಆಮೇಲೆ ಮಾಡಿಸಿಕೊಡೋಕೆ ಆಗದೇ ಹೋಗಿದ್ದು, ಅವಳು ಒಂದು ದಿನವೂ ಕೇಳದೇ ಇದ್ದಿದ್ದು, ಎಲ್ಲಾ ಬರೆದಿದ್ದರು. ಮೂರು ತೊಲದ ಸರ ಅಂತಿತ್ತು. ಅತ್ತೆ ಹೂವಿನ ದಾರ ಕೆಳಗಿಟ್ಟರು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.

"ಮೂರಲ್ಲ ಕಣವ್ವ, ನಾಕು ತೊಲ. ತಿದ್ದು ಅದ್ನ."

ತಿದ್ದಿದೆ. ಉಳಿಸಿ ಅನ್ನೋದನ್ನು ಒತ್ತಿದೆ, ಪೆನ್‌ಡ್ರೈವಿಗೂ ಹಾಕಿದೆ. ಇನ್ನು ಹನ್ನೊಂದು ಇವೆ.