ಕೊಂಡ ಮನೆಯ ಬೇಡದ ತಂತಿಗಳು

ಹಳೆಯ ಮನೆ ಕೊಂಡವರಿಗೆ ಕ್ರಯಪತ್ರದಲ್ಲಿ ಕಾಣಿಸಿದ ಗೋಡೆ, ತಾರಸಿ, ಹಿತ್ತಲು, ಸಂಪುಗಳ ಜೊತೆಗೆ ಅದರಲ್ಲಿ ಕಾಣಿಸದ ಒಂದು ವಸ್ತುವೂ ಕೈಸೇರುತ್ತದೆ. ಅದು ತಂತಿಗಳ ಕಂತೆ. ಬೆಂಗಳೂರಿನ ಜಯನಗರ, ರಾಜಾಜಿನಗರಗಳಂಥ ಹಳೆಯ ಬಡಾವಣೆಗಳಲ್ಲಿ ಸಜ್ಜಾದ ಅಡಿಯಿಂದ, ಕಿಟಕಿಯ ಚೌಕಟ್ಟಿನ ಮೂಲೆಯಿಂದ, ಒಮ್ಮೊಮ್ಮೆ ದೇವರ ಮನೆಯ ಗವಾಕ್ಷಿಯಿಂದಲೂ ತಂತಿಗಳು ಒಳನುಗ್ಗಿರುತ್ತವೆ. ಕೆಲವಕ್ಕೆ ಗೋಡೆಯೊಡನೆ ಮೂರು ಸಲ ಸುಣ್ಣವೂ ಬಿದ್ದಿರುತ್ತದೆ. ಯಾವುದು ಎಲ್ಲಿಂದ ಬಂತು, ಯಾವುದಕ್ಕೆ ಜೀವವಿದೆ ಎಂಬುದು ಮನೆ ಮಾರಿದವರಿಗೂ ಮರೆತಿರುತ್ತದೆ.

ಬಣ್ಣದವರು ಏಣಿ ಹಾಕಿದ ದಿನ ಪ್ರಶ್ನೆ ಏಳುತ್ತದೆ. “ಇದನ್ನೆಲ್ಲ ಕಿತ್ತುಬಿಡಲಾ ಸಾರ್?” ಯಜಮಾನರು ತಲೆಯಾಡಿಸುತ್ತಾರೆ. ಪಿಯುಸಿ ಓದುವ ಮಗ ಕಟಿಂಗ್ ಪ್ಲೇಯರ್ ಹಿಡಿದು ತಾನೇ ಮುಂದಾಗುತ್ತಾನೆ. ಹತ್ತು ನಿಮಿಷದಲ್ಲಿ ಗೋಡೆ ಚೊಕ್ಕಟ. ಹನ್ನೊಂದನೆಯ ನಿಮಿಷಕ್ಕೆ ಪಕ್ಕದ ಮನೆಯ ಅಜ್ಜಿ ಗೇಟಿನ ಬಳಿ ಬಂದು, ಧಾರಾವಾಹಿಯ ನಡುವೆ ಟೀವಿ ನಿಂತುಹೋಯಿತಲ್ಲ, ನಿಮ್ಮಲ್ಲೂ ಹೀಗೇನಾ ಎಂದು ವಿಚಾರಿಸುತ್ತಾರೆ. ಟೀವಿ ನಿಂತರೆ ಅಷ್ಟಕ್ಕೇ ಮುಗಿಯಿತು. ಅದಕ್ಕಿಂತ ದೊಡ್ಡ ಅನಾಹುತಕ್ಕೂ ಆ ಹತ್ತು ನಿಮಿಷದಲ್ಲಿ ಜಾಗವಿದೆ.

ಈ ಕೆಲಸ ಮನೆಯೊಳಗಿನ ತುದಿಯಿಂದಲ್ಲ, ಬೀದಿಯ ಕಂಬದಿಂದ ಆರಂಭವಾಗಬೇಕು. ನೆಲದ ಮೇಲೆ ನಿಂತು, ಯಾವುದನ್ನೂ ಮುಟ್ಟದೆ, ಪ್ರತಿಯೊಂದು ತಂತಿಯನ್ನೂ ಕಣ್ಣಿನಿಂದಲೇ ಹಿಂಬಾಲಿಸಿದರೆ ಅರ್ಧ ಗುಟ್ಟು ಬಯಲಾಗುತ್ತದೆ. ಕಂಬದಿಂದ ಹೊರಟು ಮೀಟರ್ ಬೋರ್ಡಿಗೆ ಸೇರುವ ದಪ್ಪ ತಂತಿ ವಿದ್ಯುತ್ತಿನ ಸರ್ವಿಸ್ ವೈರ್. ಅದರ ಗೊಡವೆ ಮನೆಯವರಿಗೂ ಬೇಡ, ಬಣ್ಣದವರಿಗೂ ಬೇಡ. ಮಿಕ್ಕ ಯಾವುದಾದರೂ ತಂತಿ ಅದಕ್ಕೆ ಸುತ್ತಿಕೊಂಡಿದ್ದರೆ ಅಥವಾ ಬೀದಿಯಲ್ಲಿ ವಿದ್ಯುತ್ ತಂತಿಗೆ ತಾಗಿದಂತೆ ಕಂಡರೆ ಬೆಸ್ಕಾಂನವರಿಗೆ ತಿಳಿಸಿ ಸುಮ್ಮನಿರುವುದೇ ಬುದ್ಧಿವಂತಿಕೆ. ಕಣ್ಣಿಗೆ ಸತ್ತಂತೆ ಕಾಣುವ ತಂತಿ ನಿಜವಾಗಿ ಸತ್ತಿದೆಯೇ ಎಂದು ನೋಟದಿಂದ ಹೇಳಲಾಗದು. 2023ರ ನವೆಂಬರ್ 19ರ ಬೆಳಗಿನ ಜಾವ ಬೆಂಗಳೂರಿನ ಕಾಡುಗೋಡಿಯ ಬಳಿ ಕಾಲುದಾರಿಯ ಮೇಲೆ ಬಿದ್ದಿದ್ದ ವಿದ್ಯುತ್ ತಂತಿಯನ್ನು ತುಳಿದು ಒಬ್ಬ ತಾಯಿ, ಆಕೆಯ ಎಳೆಗೂಸು ಇಬ್ಬರೂ ಪ್ರಾಣ ಬಿಟ್ಟರು.

ಇನ್ನು ಟೆಲಿಫೋನ್ ತಂತಿ. ಕಂಬದ ಮೇಲಿನ ಡಿ.ಪಿ. ಪೆಟ್ಟಿಗೆಯಿಂದ ಹೊರಟು, ಗೋಡೆಯ ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಗಿಯುವ ಜೋಡಿ ತಂತಿ ಅದು. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಕಾಲದಲ್ಲಿ ಅದು ಮನೆಯ ಮರ್ಯಾದೆಯಾಗಿತ್ತು. 2000ದ ಅಕ್ಟೋಬರ್ 1ರಂದು ದೂರಸಂಪರ್ಕ ಇಲಾಖೆಯ ಸೇವೆ ಬಿ.ಎಸ್.ಎನ್.ಎಲ್. ಕೈಗೆ ಬಂತು. ಆಮೇಲೆ ಮೊಬೈಲ್ ಬಂದು ಎಷ್ಟೋ ಮನೆಗಳಲ್ಲಿ ಫೋನು ಹೋಯಿತು, ತಂತಿ ಮಾತ್ರ ಉಳಿಯಿತು.

ಉಪಕರಣ ಇಲ್ಲದಿದ್ದರೂ ಈ ತಂತಿಯಲ್ಲಿ ವಿದ್ಯುತ್ ಇರಬಹುದು. ವಿನಿಮಯ ಕೇಂದ್ರದಲ್ಲಿ ಸಂಪರ್ಕ ಬಿಡಿಸದಿದ್ದರೆ ಅಲ್ಲಿನ ಬ್ಯಾಟರಿಗಳಿಂದ 48 ವೋಲ್ಟ್ ಏಕಮುಖ ವಿದ್ಯುತ್ ಹಗಲಿರುಳೂ ತಂತಿಯ ತುದಿಯವರೆಗೆ ಬಂದು ನಿಂತಿರುತ್ತದೆ. ಊರಿಗೆಲ್ಲ ಕರೆಂಟು ಹೋದಾಗಲೂ ಹಳೆಯ ಫೋನು ಮಾತಾಡುತ್ತಿದ್ದುದು ಈ ಬ್ಯಾಟರಿಯ ಬಲದಿಂದ. ಸ್ವಾರಸ್ಯವೆಂದರೆ ಆ 48ರ ಹಿಂದೆ ಋಣ ಚಿಹ್ನೆಯಿದೆ. ಕೇಂದ್ರದಲ್ಲಿ ಬ್ಯಾಟರಿಯ ಧನ ತುದಿಯನ್ನು ಭೂಮಿಗೆ ಸೇರಿಸಿ, ತಂತಿಯನ್ನು ಋಣವಾಗಿ ಇಟ್ಟಿರುತ್ತಾರೆ. ಹೀಗೇಕೆ ಎಂಬುದಕ್ಕೆ ಉತ್ತರ ಹೈಸ್ಕೂಲಿನ ಪ್ರಯೋಗಶಾಲೆಯಲ್ಲೇ ಇದೆ. ಮೈಲುತುತ್ತದ ದ್ರಾವಣದಲ್ಲಿ ಎರಡು ತಾಮ್ರದ ತಗಡು ಮುಳುಗಿಸಿ ವಿದ್ಯುತ್ ಹರಿಸಿದರೆ ಧನ ತಗಡು ಸವೆಯುತ್ತದೆ, ಋಣ ತಗಡಿನ ಮೇಲೆ ತಾಮ್ರ ಕೂಡುತ್ತದೆ. ನೆಲದಡಿಯ ಕೇಬಲ್ಲಿಗೆ ತೇವ ಹತ್ತಿದಾಗ ನಡೆಯುವುದೂ ಇದೇ ರಸಾಯನ. ತಂತಿ ಧನವಾಗಿದ್ದರೆ ತಾಮ್ರ ಕರಗಿ ಕರಗಿ ತಂತಿ ತುಂಡಾಗುತ್ತಿತ್ತು. ಋಣವಾಗಿದ್ದುದರಿಂದ ಸವೆತ ತಪ್ಪಿತು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ವಿದ್ಯುದ್ವಿಭಜನೆ ಮನೆಯ ಗೋಡೆಯ ಮೇಲೆಯೇ ಇತ್ತೆಂದು ತಿಳಿದರೆ ವಿದ್ಯಾರ್ಥಿಗಳಿಗೆ ಪಾಠದ ರುಚಿ ಹತ್ತೀತು.

ಒಣ ಕೈಗೆ 48 ವೋಲ್ಟ್ ಅಷ್ಟಾಗಿ ತಿಳಿಯದು. ಆದರೆ ಅದೇ ಗಳಿಗೆಯಲ್ಲಿ ಯಾರಾದರೂ ಆ ಹಳೆಯ ಸಂಖ್ಯೆಗೆ ಕರೆ ಮಾಡಿದರೆ ಗಂಟೆ ಬಾರಿಸಲು ಸುಮಾರು 75 ವೋಲ್ಟಿನ ಪರ್ಯಾಯ ವಿದ್ಯುತ್ ಹರಿದುಬರುತ್ತದೆ. ಅದು ಚುರ್ರೆನ್ನಿಸುತ್ತದೆ. ಆ ಹೊಡೆತದಿಂದಲೇ ಪ್ರಾಣಕ್ಕೆ ಕುತ್ತು ಬರುವುದು ಅಪರೂಪ. ಏಣಿಯ ಮೇಲಿದ್ದವನು ಬೆಚ್ಚಿಬಿದ್ದರೆ ಮಾತ್ರ ಕೈಕಾಲಿಗೆ ಗ್ಯಾರಂಟಿಯಿಲ್ಲ. ಮನೆಯಲ್ಲಿರುವ ಸ್ಕ್ರೂಡ್ರೈವರ್ ಟೆಸ್ಟರನ್ನು ಇಲ್ಲಿ ನಂಬಬಾರದು. ಅದರ ನಿಯಾನ್ ದೀಪ ಹೊತ್ತಲು 60 ವೋಲ್ಟಿಗಿಂತ ಹೆಚ್ಚು ಬೇಕು. ಹೀಗಾಗಿ 48 ವೋಲ್ಟ್ ತುಂಬಿದ ತಂತಿಯ ಮೇಲೂ ಅದು ಕುರುಡಾಗಿ ಕೂತಿರುತ್ತದೆ. ಮಲ್ಟಿಮೀಟರನ್ನು ಏಕಮುಖ ವಿದ್ಯುತ್ತಿಗೆ ತಿರುಗಿಸಿ ಎರಡು ತುದಿಗೆ ಮುಟ್ಟಿಸಿ ನೋಡಿದರೆ ಸಂಗತಿ ಗೊತ್ತಾಗುತ್ತದೆ. ಐವತ್ತರ ಆಸುಪಾಸು ತೋರಿಸಿದರೆ ಸಂಪರ್ಕ ಇನ್ನೂ ಇದೆಯೆಂದೇ ಅರ್ಥ. ಅದು ಹಿಂದಿನವರ ಹೆಸರಿನಲ್ಲೇ ಇರಬಹುದು. ಆಗ ಅವರಿಗೊಂದು ಮಾತು ಹೇಳಿ, ಅವರಿಂದಲೇ ಅರ್ಜಿ ಕೊಡಿಸುವುದು ಕ್ರಮ.

ಕಪ್ಪು ಮೈಯ, ಕಿರುಬೆರಳಿಗಿಂತ ಸಣ್ಣನೆಯ ದುಂಡು ತಂತಿ ಕೇಬಲ್ ಟೀವಿಯದು. ನಡುವೆ ಒಂಟಿ ಎಳೆ, ಸುತ್ತ ಬಿಳಿ ನೊರೆ ಪ್ಲಾಸ್ಟಿಕ್, ಅದರ ಮೇಲೆ ಬೆಳ್ಳಿ ಬಣ್ಣದ ಹಾಳೆ, ಹೆಣೆದ ಜಾಲರಿ. 1991ರ ಕೊಲ್ಲಿ ಯುದ್ಧದ ನಂತರದ ವರ್ಷಗಳಲ್ಲಿ ಇದು ತಾರಸಿಯಿಂದ ತಾರಸಿಗೆ ಹಾರುತ್ತ ಊರನ್ನೆಲ್ಲ ಹೆಣೆಯಿತು. ಹಾರಿದ್ದೇ ಈಗ ತೊಂದರೆ. ಒಂದು ಮನೆಯ ಮೂಲೆಯಲ್ಲಿ ಕಟ್ಟಿದ ಸ್ಪ್ಲಿಟರಿನಿಂದ ಹಿಂದಿನ ಸಾಲಿನ ನಾಲ್ಕು ಮನೆಗಳಿಗೆ ಕವಲು ಹೋಗಿರುತ್ತದೆ. ಮನೆಯೊಳಕ್ಕೆ ಬರುವ ಕವಲನ್ನಷ್ಟೇ ಬಿಚ್ಚಬಹುದು, ದಾಟಿಹೋಗುವ ತಂತಿಗೆ ಕೈಹಚ್ಚುವಂತಿಲ್ಲ. ತಾರಸಿಯ ತಟ್ಟೆಯಿಂದ ಇಳಿದ ತಂತಿಯೂ ಇದೇ ಜಾತಿ. ಸೆಟ್‌ಟಾಪ್ ಬಾಕ್ಸು ಅದರ ಮೂಲಕ ತಟ್ಟೆಗೆ 13 ಅಥವಾ 18 ವೋಲ್ಟ್ ಕಳಿಸುತ್ತಿರುತ್ತದೆ. ಪ್ಲಗ್ ಕಿತ್ತ ಮೇಲೆ ಬಿಚ್ಚಿದರೆ ಸಾಕು.

ಎಲ್ಲಕ್ಕಿಂತ ಈಚಿನದು ಫೈಬರ್. ಎರಡು ಮೂರು ಕಂಪನಿ ಬದಲಿಸಿದ ಮನೆಯಲ್ಲಿ ಎರಡು ಮೂರು ಫೈಬರ್ ನೇತಾಡುತ್ತಿರುತ್ತವೆ. ಹಳೆಯದನ್ನು ಬಿಚ್ಚಿಕೊಂಡು ಹೋಗುವ ಸೌಜನ್ಯ ಕಂಪನಿಗಳಲ್ಲಿ ಕಡಿಮೆ. ಒಳಗಿನ ಗಾಜಿನ ಎಳೆ 125 ಮೈಕ್ರಾನ್ ದಪ್ಪ, ಅಂದರೆ ಮಿಲಿಮೀಟರಿನ ಎಂಟನೆಯ ಒಂದು ಪಾಲು. ಬೆಳಕು ಹರಿಯುವುದು ಅದರ ನಟ್ಟನಡುವಿನ 9 ಮೈಕ್ರಾನಿನಲ್ಲಿ. ಆ ಬೆಳಕಿನ ತರಂಗಾಂತರ 1310, 1490 ನ್ಯಾನೋಮೀಟರ್. ಮನುಷ್ಯನ ಕಣ್ಣಿನ ಮಿತಿ ಸುಮಾರು 700ಕ್ಕೇ ಮುಗಿಯುವುದರಿಂದ ತುದಿ ಕತ್ತಲಾಗಿ ಕಂಡರೂ ಬೆಳಕಿರಬಹುದು. ಮನೆಗೆ ಬರುವ ಹೊತ್ತಿಗೆ ಅದರ ಶಕ್ತಿ ಅಲ್ಪವೇ. ಆದರೂ ತುಂಡಾದ ತುದಿಯನ್ನು ಕಣ್ಣಿಗೆ ಹಿಡಿದು ಇಣುಕುವ ಆಟವನ್ನು ಮಕ್ಕಳಿಗೆ ಬಿಡಬಾರದು. ಗಾಜಿನ ಚೂರಿನ ಕಾಟ ಇನ್ನೂ ಹೆಚ್ಚು. ಚರ್ಮಕ್ಕೆ ಹೊಕ್ಕರೆ ಕಾಣುವುದೂ ಇಲ್ಲ, ಸುಲಭಕ್ಕೆ ಬರುವುದೂ ಇಲ್ಲ. ಫೈಬರನ್ನು ಮುರಿಯದೆ ಸುರುಳಿ ಸುತ್ತಿ ತೆಗೆದು, ತುದಿಗೆ ಅಂಟುಪಟ್ಟಿ ಸುತ್ತಬೇಕು. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಗಾಜಿನಲ್ಲಿ ವಿದ್ಯುತ್ ಹರಿಯದು, ಆದ್ದರಿಂದ ಫೈಬರ್ ನಿರಪಾಯ ಎಂಬ ನಂಬಿಕೆ ವಿದ್ಯಾವಂತರಲ್ಲೂ ಉಂಟು. ಹಲವು ಫೈಬರ್ ಕೇಬಲ್ಲುಗಳಲ್ಲಿ ಜೋತುಬೀಳದಂತೆ ಹಿಡಿದಿಡಲು ಉಕ್ಕಿನ ತಂತಿ ಸೇರಿರುತ್ತದೆಂಬುದನ್ನು ಅವರು ಮರೆಯುತ್ತಾರೆ. ಮರದ ಕೊಂಬೆ, ವಿದ್ಯುತ್ ಕಂಬಗಳ ಮೇಲೆ ಹಾದುಬಂದ ಆ ಉಕ್ಕು ದಾರಿಯಲ್ಲಿ ಎಲ್ಲಾದರೂ ವಿದ್ಯುತ್ ತಂತಿಗೆ ತಾಗಿದ್ದರೆ, ಕರೆಂಟು ಅದರ ಮೂಲಕ ತಾರಸಿಗೇ ಬಂದೀತು. ಮಳೆ ನಿಂತ ಮೇಲೆ ಒದ್ದೆ ತಾರಸಿಯಲ್ಲಿ ಬರಿಗಾಲಿನಲ್ಲಿ ನಿಂತು ಇದನ್ನು ಎಳೆಯುವುದು ಕೂಡದು. ಬೀದಿಯ ಕಡೆಯ ಭಾಗವನ್ನು ಕಂಪನಿಯವರೇ ಬಂದು ಬಿಚ್ಚಲಿ.

ಹಾಗೆ ಬಿಚ್ಚಿಸುವ ಹಕ್ಕು ಮನೆಯವರಿಗೆ ಇದೆಯೆ? ತನ್ನ ಗೋಡೆಯ ಮೇಲಿರುವುದೆಲ್ಲ ತನ್ನದೆಂದು ಕೊಂಡವರು ಭಾವಿಸುವುದು ಸಹಜ. ಕಾನೂನು ಹಾಗೆ ಹೇಳುವುದಿಲ್ಲ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಜಾಲ ಬೇರೆ, ಅದು ನಿಂತ ಆಸ್ತಿ ಬೇರೆ. ಮನೆ ಕೈ ಬದಲಾದರೂ ಕಂಪನಿಯ ತಂತಿ ಕಂಪನಿಯದೇ. ಆದರೆ ತಂತಿ ಹಾಕಿದ ಮಾತ್ರಕ್ಕೆ ಗೋಡೆ ಕಂಪನಿಯದಾಗುವುದೂ ಇಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯ ಕಾಲದಿಂದಲೂ ಅವರದು ಬಳಕೆಯ ಹಕ್ಕು ಮಾತ್ರ. ಆದಕಾರಣ ಫೋನಿನಲ್ಲಿ ಜಗಳವಾಡುವುದಕ್ಕಿಂತ ಒಂದು ಕಾಗದ ಬರೆದು, ತಂತಿಯ ಫೋಟೋ ಲಗತ್ತಿಸಿ, ಸ್ವೀಕೃತಿ ಇಟ್ಟುಕೊಳ್ಳುವುದು ಲೇಸು. ಬೀದಿಯಲ್ಲಿ ಕೆಲಸಕ್ಕೆ ಬರುವ ಹುಡುಗನನ್ನು ನಿಲ್ಲಿಸಿ ಕೇಳಿದರೆ ಕಾಗದಕ್ಕಿಂತ ಬೇಗ ಕೆಲಸವಾಗುವುದೂ ಉಂಟು.

ಗೋಡೆಯೊಳಗಿನ ಪೈಪಿನಲ್ಲಿರುವ ಹಳೆಯ ತಂತಿಯನ್ನು ಸುಮ್ಮನೆ ಎಳೆದು ಬಿಸಾಡುವುದು ದಡ್ಡತನ. ಅದರ ತುದಿಗೆ ನೈಲಾನ್ ದಾರ ಕಟ್ಟಿ ಎಳೆದರೆ ಪೈಪಿನಲ್ಲಿ ದಾರ ಉಳಿಯುತ್ತದೆ, ನಾಳೆ ಹೊಸ ತಂತಿ ತೂರಿಸಲು ಗೋಡೆ ಒಡೆಯಬೇಕಿಲ್ಲ. ತಂತಿ ತೆಗೆದ ತೂತನ್ನು ಬಣ್ಣದಿಂದಷ್ಟೇ ಮುಚ್ಚಿದರೆ ಮೊದಲ ಮಳೆಗೆ ಗೋಡೆ ಬೆವರುತ್ತದೆ. ಹೊರಗಿನಿಂದಲೇ ಸಿಮೆಂಟು ತುಂಬಬೇಕು.

ಕೊನೆಗೆ ಉಳಿಯುವುದು ತುಂಡುಗಳ ರಾಶಿ. ತಾಮ್ರದ ಆಸೆಗೆ ಇದನ್ನು ಹಿತ್ತಲಿನಲ್ಲಿ ಸುಡುವ ಅಭ್ಯಾಸವಿದೆ. ಪಿ.ವಿ.ಸಿ. ಉರಿದರೆ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್‌ಗಳು ಹೊರಬರುತ್ತವೆ. ಆ ಹೊಗೆ ಹೋಗುವುದು ಪಕ್ಕದ ಮನೆಯ ಅದೇ ಅಜ್ಜಿಯ ಎದೆಗೆ. ಬ್ಲೇಡಿನಿಂದ ಸಿಪ್ಪೆ ಸುಲಿದು ಕೊಟ್ಟರೆ ಗುಜರಿಯವನು ತಾಮ್ರಕ್ಕೆ ತಾಮ್ರದ ಬೆಲೆಯನ್ನೇ ಕೊಡುತ್ತಾನೆ. ಫೈಬರಿಗೆ ಮಾತ್ರ ಅವನು ಬಿಡಿಗಾಸೂ ಬಿಚ್ಚುವುದಿಲ್ಲ.